ಭಾವನ ರೈಟ್

ಆ ‘ರೈಟ್’ ಹೌದು ಎಂದಾಗಿದ್ದರೆ ಭಾವ ಹಾಲಿನ ಲೋಟವನ್ನು ಯಾಕೆ ಆಚೆಗೆ ತಳ್ಳಿದರು? ಬೇಡ ಎಂದಾಗಿದ್ದರೆ ಮತ್ತೆ ಅದನ್ನೇ ಯಾಕೆ ನೋಡುತ್ತ ಕೂತರು? ಅಥವಾ ಎರಡೂ ಅಲ್ಲದೆ, ಬಿಕ್ಕಳಿಕೆ ಬಂದ ಹಾಗೆ ಬಂದು ಹೋದ ಬರಿಯ ಸದ್ದೋ? ಸದ್ದೇ ಆಗಿದ್ದರೆ ಮೂರು ತಿಂಗಳಿಂದ ಬರೆದುಕೊಂಡು ಬಂದ ಈ ನೋಟ್‌ಬುಕ್ಕನ್ನು ಏನು ಮಾಡುವುದು?

ಗುಮ್ಮಣ್ಣ ಪೆನ್ನನ್ನು ಕಿವಿಗೆ ಸಿಕ್ಕಿಸಿಕೊಂಡು ಹಿಂದಿನ ಪುಟಗಳನ್ನು ತಿರುವಿದ. ‘ಗಿಡ್ಡ ರೈಟ್, ಕಣ್ಣು ಮುಚ್ಚಿಕೊಂಡು: ಸಾಕು’ ಎಂದು ಮೊದಲ ವಾರ ಬರೆದಿದ್ದ. ಅದರ ಪಕ್ಕದಲ್ಲೇ ಎರಡನೇ ವಾರದ ಕೆಂಪು ಶಾಯಿ: ‘ಸಾಕು ಅಲ್ಲ, ಫ್ಯಾನ್ ಹಾಕು.’ ಅದರ ಕೆಳಗೆ, ‘ಎಳೆದ ರೈಟ್, ಕೊನೆ ಮೇಲಕ್ಕೆ: ಬಂದವರು ಯಾರು ಎಂಬ ಪ್ರಶ್ನೆ. ಖಚಿತವಿಲ್ಲ.’ ಇನ್ನೊಂದು ಕಡೆ, ‘ಎರಡು ಸಲ, ಬೇಗ ಬೇಗ: ಸಿಟ್ಟು. ಅಥವಾ ಸಂತೋಷ.’ ಹೀಗೆ ಇಪ್ಪತ್ತಮೂರು ಬಗೆಯ ರೈಟ್‌ಗಳು. ಇಪ್ಪತ್ತಮೂರರ ಪಕ್ಕದಲ್ಲೂ ಕೆಂಪು.

ಕೆಂಪು ಶಾಯಿ ಅವನ ಕಸುಬು. ಮುದ್ರಣಾಲಯದಲ್ಲಿ ಕರಡು ತಿದ್ದುವ ಕೆಲಸ ಅವನದು. ಪದವಿ ಮುಗಿಸಿ ಬಂದವನಿಗೆ ಆ ಮೂಲೆಯ ಮೇಜು, ಆ ಮೇಜಿನ ಮೇಲಿನ ದೀಪ, ದಿನವಿಡೀ ಯಾರೂ ಮಾತಾಡಿಸದ ಆ ನೆಮ್ಮದಿ ಹೇಳಿ ಮಾಡಿಸಿದಂತಿತ್ತು. ಚಿಕ್ಕಂದಿನಿಂದಲೂ ಅವನು ಬಾಯಿ ತೆರೆದರೆ ಮುತ್ತು ಉದುರೀತು ಎಂಬ ಹಾಗೆ ಕೂತಿರುತ್ತಿದ್ದುದರಿಂದ ಭಾವ ಅವನಿಗೆ ಗುಮ್ಮಣ್ಣ ಎಂದು ಹೆಸರಿಟ್ಟಿದ್ದರು. ಆ ಹೆಸರೇ ಗಟ್ಟಿಯಾಯಿತು. ಅಕ್ಕ ಕೂಡ ಅವನ ನಿಜವಾದ ಹೆಸರನ್ನು ಅರ್ಜಿ ತುಂಬುವಾಗ ಮಾತ್ರ ನೆನಪಿಸಿಕೊಳ್ಳುತ್ತಿದ್ದಳು.

ಭಾವನ ಹೆಸರು ಡಿಪೋದಲ್ಲಿ ನಾನ್‌ಸ್ಟಾಪ್. ಅವರು ಕೆಲಸ ಮಾಡಿದ್ದು ಎಲ್ಲ ಸ್ಟಾಪಿನಲ್ಲೂ ನಿಲ್ಲುವ ಬಸ್ಸಿನಲ್ಲಾದರೂ ಬಾಯಿಗೆ ಮಾತ್ರ ನಿಲುಗಡೆ ಇರಲಿಲ್ಲ. ಇಪ್ಪತ್ತೆಂಟು ವರ್ಷದ ಕಂಡಕ್ಟರಿಕೆ. ಹತ್ತಿದವರ ಮಗಳ ಪರೀಕ್ಷೆ, ಇಳಿದವರ ಮಂಡಿನೋವು, ಎಲ್ಲ ಅವರಿಗೆ ಬೇಕು. ಎಷ್ಟು ಮಾತಾಡಿದರೂ ಕೊನೆಗೆ ಬಂದು ನಿಲ್ಲುವುದು ‘ರೈಟ್’ ಎಂಬಲ್ಲಿಗೆ. ಬಸ್ಸು ಹೊರಡಲಿ ಎನ್ನುವುದಕ್ಕೆ ರೈಟ್. ಚಿಲ್ಲರೆ ಜಗಳ ಮುಗಿಯಿತು, ಇನ್ನು ಇಬ್ಬರೂ ಬಾಯಿ ಮುಚ್ಚಿ ಎನ್ನುವುದಕ್ಕೆ ರೈಟ್. ಮನೆಯಲ್ಲಿ ಊಟ ಮುಗಿಸಿ ಏಳುವಾಗ ರೈಟ್, ಫೋನ್ ಇಡುವಾಗ ರೈಟ್, ನೆಂಟರನ್ನು ಕಳಿಸಿ ಬಾಗಿಲು ಹಾಕಿದ ಮೇಲೆ ನಿಟ್ಟುಸಿರಿನ ಜೊತೆ ಇನ್ನೊಂದು ರೈಟ್. ತಳ ಸೀದ ಪಾತ್ರೆಯನ್ನು ಅಕ್ಕ ಉಜ್ಜುತ್ತಿದ್ದರೆ, “ಅದಕ್ಕೆ ರೈಟ್ ಹೇಳಿಬಿಡೆ, ಪಾಪ, ಅದಕ್ಕೂ ಸಾಕಾಗಿದೆ” ಎನ್ನುತ್ತಿದ್ದರು. ಗುಮ್ಮಣ್ಣನ ಅಂಕಪಟ್ಟಿ ಬಂದಾಗ ಅವರು ಓದುತ್ತಿರಲಿಲ್ಲ. ಪೆನ್ನು ತೆಗೆದು ಮೂಲೆಯಲ್ಲಿ ಒಂದು ದೊಡ್ಡ ರೈಟ್ ಗುರುತು ಹಾಕಿ, ಅದರ ಬಾಲವನ್ನು ಕಾಗದದಾಚೆಗೆ ಎಳೆದುಬಿಡುತ್ತಿದ್ದರು. ಶಾಲೆಯವರು ಒಂದು ಸಲ ಅದಕ್ಕೆ ತಕರಾರು ಮಾಡಿದ್ದೂ ಉಂಟು.

ಅಂಥ ಮನುಷ್ಯ ಒಂದು ಬೆಳಿಗ್ಗೆ ಶೂ ಲೇಸು ಕಟ್ಟಿಕೊಳ್ಳುತ್ತಿದ್ದ ಹಾಗೇ ಪಕ್ಕಕ್ಕೆ ವಾಲಿದರು. ಆಸ್ಪತ್ರೆಯಲ್ಲಿ ಹನ್ನೆರಡು ದಿನ. ಮನೆಗೆ ಬಂದಾಗ ಬಲಗೈ, ಬಲಗಾಲು ಹೇಳಿದ ಮಾತು ಕೇಳುತ್ತಿರಲಿಲ್ಲ. ಬಾಯಲ್ಲಿ ಉಳಿದದ್ದು ಒಂದೇ ಶಬ್ದ. ನೀರಿಗೂ ಅದೇ, ನೋವಿಗೂ ಅದೇ, ಅಕ್ಕನನ್ನು ಕರೆಯುವುದಕ್ಕೂ ಅದೇ. ಹೀಗಾಗುವುದುಂಟು, ತುಂಬಾ ಬಳಸಿದ ಒಂದು ಪದ ಮಾತ್ರ ನಾಲಿಗೆಗೆ ಅಂಟಿಕೊಂಡು ಉಳಿಯುವುದುಂಟು ಎಂದು ಆಸ್ಪತ್ರೆಯ ಮಾತಿನ ಡಾಕ್ಟರಮ್ಮ ಹೇಳಿದ್ದರು.

ಅದೇ ಡಾಕ್ಟರಮ್ಮ, ಮನೆಗೆ ಕಳಿಸಿದ ಆರನೇ ವಾರದ ತಪಾಸಣೆಯಲ್ಲಿ, ಭಾವನ ಮುಂದೆ ಚಿತ್ರಗಳನ್ನು ಹರಡಿ ಬಾಚಣಿಗೆ ಯಾವುದು, ಬೀಗ ಯಾವುದು ತೋರಿಸಿ ಎಂದು ಕೇಳಿದ್ದರು. ಭಾವ ಚಿತ್ರಗಳನ್ನು ನೋಡಿ, ಡಾಕ್ಟರಮ್ಮನನ್ನು ನೋಡಿ, ಗೋಡೆ ಕಡೆ ಮುಖ ತಿರುಗಿಸಿಬಿಟ್ಟರು. ಅಕ್ಕ ಔಷಧಿ ತರಲು ಹೋಗಿದ್ದಳು. ಕೋಣೆಯ ಬಾಗಿಲನ್ನು ಅರೆ ತೆರೆದೇ ಬಿಟ್ಟು, ಹೊರಗೆ ಕಾರಿಡಾರಿನಲ್ಲಿ ಡಾಕ್ಟರಮ್ಮ ಗುಮ್ಮಣ್ಣನನ್ನು ಕೇಳಿದರು.

“ದಿನಾ ಜೊತೆಗಿರೋವ್ರು ನೀವು. ನಾವು ಹೇಳೋದು ಅವರಿಗೆ ಅರ್ಥ ಆಗುತ್ತೆ ಅನ್ಸುತ್ತಾ?”

ಗುಮ್ಮಣ್ಣನಿಗೆ ನೋಟ್‌ಬುಕ್ಕಿನ ಕೆಂಪು ಪುಟಗಳು ಕಣ್ಣ ಮುಂದೆ ಬಂದವು. ಖಚಿತವಿಲ್ಲದ್ದನ್ನು ಉಳಿಸಬಾರದು ಎಂಬುದು ಅವನ ಕಸುಬಿನ ಪಾಠ. “ಇಲ್ಲ ಅನ್ಸುತ್ತೆ” ಎಂದ. ಡಾಕ್ಟರಮ್ಮ ಫೈಲಿನಲ್ಲಿ ಬರೆದುಕೊಂಡರು. ಮನೆಗೆ ಬರುವ ದಾರಿಯಲ್ಲಿ ಅವನು ಅಕ್ಕನ ಹತ್ತಿರ ಆ ವಿಷಯ ಎತ್ತಲಿಲ್ಲ.

ಈಗ ಆ ಫೈಲು ಸಾರಿಗೆ ಕಚೇರಿಯ ಮೇಜಿಗೆ ಹೋಗಿತ್ತು. ಸೋಮವಾರ ಕಾಗದ ಬಂತು. ಭಾವನಿಗೆ ಇನ್ನೂ ಮೂರು ವರ್ಷದ ಸರ್ವೀಸು ಬಾಕಿ. ಡಿಪೋದಲ್ಲಿ ಕಳೆದ ವಸ್ತುಗಳ ಕೋಣೆಯಲ್ಲಿ ಒಂದು ಹಗುರ ಕೆಲಸ ಖಾಲಿ ಇದೆ, ಬಸ್ಸಿನಲ್ಲಿ ಜನ ಮರೆತು ಹೋದ ಕೊಡೆ, ಚೀಲಗಳನ್ನು ನೋಡಿಕೊಳ್ಳುವುದು. ಮುಂದಿನ ಗುರುವಾರ ಅಧಿಕಾರಿ ಮನೆಗೆ ಬರುತ್ತಾರೆ. ಕೆಲಸ ಬೇಕೆಂದು ನೌಕರನೇ, ಪ್ರಶ್ನೆ ತಿಳಿದು, ಸ್ಪಷ್ಟವಾಗಿ ಒಪ್ಪಿಗೆ ಸೂಚಿಸಬೇಕು. ಮನೆಯವರು ಅವನ ಪರವಾಗಿ ಉತ್ತರಿಸುವಂತಿಲ್ಲ. ಇಲ್ಲವಾದರೆ, ಮಾತು ಗ್ರಹಿಸುವ ಶಕ್ತಿ ಇಲ್ಲದವನೆಂದು ದಾಖಲಿಸಿ ನಿವೃತ್ತಿ.

ಅಕ್ಕ ಕಾಗದವನ್ನು ಎರಡು ಸಲ ಓದಿಸಿ ಕೇಳಿಸಿಕೊಂಡಳು.

“ನಿವೃತ್ತಿ ಆಗ್ಲಿ ಬಿಡು, ಅದಕ್ಕಲ್ಲ ಕಣೋ ನನಗೆ. ಆ ದಾಖಲೆ ಮಾತು ನೋಡು. ಗೊತ್ತಾಗದೋರು ಅಂತ ಒಂದ್ಸಲ ಕಾಗದದ ಮೇಲೆ ಬಿದ್ರೆ ಆಮೇಲೆ ಯಾರೂ ಇವರನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡಿ ಮಾತಾಡಿಸಲ್ಲ. ಈಗಲೇ ಬಂದವರೆಲ್ಲ ‘ಊಟ ಮಾಡ್ತಾರಾ’ ಅಂತ ನನ್ನ ಕೇಳ್ತಾರೆ. ಅಲ್ಲೇ ಕೂತಿರ್ತಾರೆ ಇವರು.”

“ಅವರಿಗೆ ಗೊತ್ತಾಗುತ್ತೆ ಅಂತ ನಿನಗೆ ಹೇಗೆ ಗೊತ್ತು ಅಕ್ಕ?”

“ಇಪ್ಪತ್ತಾರು ವರ್ಷ ಸಂಸಾರ ಮಾಡಿದೀನಿ. ಅವರು ಕೆಮ್ಮಿದ್ರೂ ಗೊತ್ತಾಗುತ್ತೆ.”

“ಅಧಿಕಾರಿ ಸಂಸಾರ ಮಾಡಿಲ್ವಲ್ಲ.”

“ನಿನ್ನ ನೋಟ್‌ಬುಕ್ಕಿಗಿಂತ ಅವನೇ ವಾಸಿ ಇರಬೋದು” ಎಂದು ಅಕ್ಕ ಎದ್ದು ಹೋದಳು. ಆದರೆ ಬಾಗಿಲ ಹತ್ತಿರ ನಿಂತು, ತಗ್ಗಿದ ದನಿಯಲ್ಲಿ ಕೇಳಿದಳು. “ಏನಾದ್ರೂ ಒಂದು ದಾರಿ ಹುಡುಕೋ. ಓದಿದವನು ನೀನು.”

ಓದಿಸಿದವರು ಮಂಚದ ಮೇಲಿದ್ದರು. ಗುಮ್ಮಣ್ಣ ಅಂದಿನಿಂದ ಮೂರು ದಿನ ಪ್ರಯತ್ನಪಟ್ಟ. ಹೌದು ಎನ್ನುವುದಕ್ಕೆ ಉದ್ದ ರೈಟ್, ಇಲ್ಲ ಎನ್ನುವುದಕ್ಕೆ ಗಿಡ್ಡ ರೈಟ್ ಎಂದು ಭಾವನಿಗೆ ಕಲಿಸಲು ನೋಡಿದ. ಭಾವ ತಾಳ್ಮೆಯಿಂದ ಅವನ ಬಾಯನ್ನೇ ನೋಡುತ್ತಿದ್ದರು. ಆಮೇಲೆ ತಮಗೆ ತೋಚಿದ ಉದ್ದದ ಒಂದು ರೈಟ್ ಹೇಳುತ್ತಿದ್ದರು. ಎಡಗೈ ಮಾತ್ರ ಸುಮ್ಮನಿರುತ್ತಿರಲಿಲ್ಲ. ಮನೆಗೆ ಬಂದ ಮೊದಲ ದಿನದಿಂದಲೂ ಆ ಕೈ ಮಂಚದ ಕಬ್ಬಿಣದ ಕಂಬಿಯನ್ನು ಬಡಿಯುತ್ತಲೇ ಇತ್ತು. ಬೆರಳ ಗೆಣ್ಣು ಕೆಂಪಾಗಿ ಊದಿಕೊಂಡಿದ್ದನ್ನು ನೋಡಲಾಗದೆ, ಆ ಸದ್ದನ್ನು ಕೇಳಲಾಗದೆ, ಗುಮ್ಮಣ್ಣ ಒಂದು ಹಳೆಯ ಹೊದಿಕೆಯನ್ನು ಉದ್ದುದ್ದ ಹರಿದು ಕಂಬಿಗೆ ಅಚ್ಚುಕಟ್ಟಾಗಿ ಸುತ್ತಿದ್ದ. ನಾಲ್ಕು ಕಡೆ ಬಿಗಿಯಾದ ಗಂಟು. ಅವತ್ತು ಭಾವ ಒಂದೇ ಸಮನೆ ರೈಟ್ ರೈಟ್ ಎಂದಿದ್ದರು. ನೋಟ್‌ಬುಕ್ಕಿನಲ್ಲಿ ಅವನು ಅದನ್ನು ‘ಕೃತಜ್ಞತೆ’ ಎಂದು ಬರೆದುಕೊಂಡಿದ್ದ.

ಭಾನುವಾರ ಸಂಜೆ ಡ್ರೈವರಣ್ಣ ಬಂದರು. ಭಾವನ ಬಸ್ಸನ್ನು ಹದಿನಾಲ್ಕು ವರ್ಷ ಓಡಿಸಿದವರು. ಮೂರು ಮಹಡಿ ಹತ್ತಿ ಬಂದ ಏದುಸಿರಿನಲ್ಲೇ, “ತಂಗಿ, ನಿಮ್ಮ ನಾನ್‌ಸ್ಟಾಪ್ ಇದಾನಾ?” ಎಂದರು.

“ಎಲ್ಲಿಗೆ ಹೋಗ್ತಾರಣ್ಣ? ಮೂರು ತಿಂಗಳು ಬೇಕಾಯ್ತಾ ನಿಮಗೆ ಮನೆ ದಾರಿ ಸಿಗೋಕೆ?”

“ಆಸ್ಪತ್ರೆಗೆ ಬಂದಿದ್ದೆ. ಬಾಗಿಲವರೆಗೂ ಬಂದು ವಾಪಸ್ ಹೋದೆ. ಧೈರ್ಯ ಸಾಲಲಿಲ್ಲ ತಾಯಿ, ಬೈದುಬಿಡು.”

ಅಕ್ಕ ಬೈಯಲಿಲ್ಲ, ಕುರ್ಚಿ ಎಳೆದು ಹಾಕಿದಳು. ಡ್ರೈವರಣ್ಣ ಭಾವನ ಎದುರಿಗೆ ಕೂತರು. ಕೂತವರು ನೆಲ ನೋಡಿದರು, ಫ್ಯಾನು ನೋಡಿದರು, ತಮ್ಮ ಚಪ್ಪಲಿ ನೋಡಿಕೊಂಡರು. ಭಾವ ಕೂಡ ಗೋಡೆ ನೋಡುತ್ತಿದ್ದರು. ಹೆಣ್ಣು ನೋಡಲು ಬಂದವರ ಹಾಗೆ ಇಬ್ಬರೂ ಹಣೆ ಒರೆಸಿಕೊಂಡರು. ಕಡೆಗೆ ಡ್ರೈವರಣ್ಣ ಎದ್ದು, “ಇದು ಆಗೋದಲ್ಲ. ನನಗೆ ಇವನ ಮುಖ ನೋಡಿ ಅಭ್ಯಾಸವಿಲ್ಲ ತಂಗಿ. ಹದಿನಾಲ್ಕು ವರ್ಷ ನನ್ನ ಬೆನ್ನ ಹಿಂದೇನೇ ಇದ್ದ ಆಸಾಮಿ” ಎಂದು ಕುರ್ಚಿಯನ್ನು ಪೂರ್ತಿ ತಿರುಗಿಸಿ, ಭಾವನಿಗೆ ಬೆನ್ನು ಹಾಕಿ, ಕಿಟಕಿಗೆ ಮುಖ ಮಾಡಿ ಕೂತರು. ಎರಡೂ ಕೈ ತಾವಾಗಿಯೇ ಮುಂದಕ್ಕೆ ಬಂದು ಗಾಳಿಯಲ್ಲಿ ಸ್ಟೀರಿಂಗು ಹಿಡಿದವು. “ಹಾಂ. ಈಗ ಸರಿಹೋಯ್ತು. ಏನಯ್ಯಾ, ಕೇಳ್ತಿದೆಯಾ? ನಿನ್ನ ಜಾಗಕ್ಕೆ ಒಬ್ಬ ಹೊಸಬನ್ನ ಕೊಟ್ಟಿದಾರೆ. ಬಾಯೇ ಬಿಡಲ್ಲ. ಸ್ಟಾಪ್ ಬಂದ್ರೆ ಕೆಮ್ತಾನೆ. ಮೊನ್ನೆ ಅವನಿಗೆ ನಿಜವಾಗ್ಲೂ ನೆಗಡಿಯಾಗಿತ್ತು, ನಾನು ಹನ್ನೊಂದು ಕಡೆ ಸುಮ್ನೆ ಬ್ರೇಕ್ ಹಾಕಿದೀನಿ.”

ಹಿಂದಿನಿಂದ ಒಂದು ರೈಟ್ ಬಂತು. ಅದರ ಹಿಂದೆಯೇ ಮೆತ್ತಗೆ, ದಬ್ ದಬ್ ಎಂದು ಎರಡು ಸದ್ದು.

ಡ್ರೈವರಣ್ಣನ ಕುತ್ತಿಗೆ ಸೆಟೆಯಿತು. “ಅದೇನದು ಸದ್ದು?”

“ಏನಿಲ್ಲ ಅಣ್ಣ, ಕೈ ಬಡೀತಾರೆ, ಸುಮ್ನೆ” ಎಂದ ಗುಮ್ಮಣ್ಣ. “ಗಾಯ ಆಗುತ್ತೆ ಅಂತ ಕಂಬಿಗೆ ಬಟ್ಟೆ ಸುತ್ತಿದೀನಿ.”

ಡ್ರೈವರಣ್ಣ ತಿರುಗಿ ಕಂಬಿಯನ್ನು ನೋಡಿದರು, ಗಂಟುಗಳನ್ನು ನೋಡಿದರು.

“ನಿಮ್ಮ ಭಾವ ಜೀವಮಾನದಲ್ಲಿ ತಗಡನ್ನ ಸುಮ್ನೆ ಬಡಿದವನಲ್ಲಪ್ಪ. ಬಿಚ್ಚು ಅದನ್ನ.”

ಗಂಟುಗಳು ಬೇಗ ಬಿಚ್ಚಲಿಲ್ಲ. ಗುಮ್ಮಣ್ಣ ಯಾವ ಕೆಲಸ ಮಾಡಿದರೂ ಗಟ್ಟಿಯಾಗಿ ಮಾಡುವವನು. ಹಲ್ಲು ಹಾಕಿ ಎಳೆಯಬೇಕಾಯಿತು. ಕಡೆಯ ಪಟ್ಟಿ ಬಿಚ್ಚಿ ನೆಲಕ್ಕೆ ಬಿದ್ದಾಗ ಭಾವ ಎಡಗೈಯನ್ನು ಬರಿ ಕಂಬಿಯ ಮೇಲೆ ಇಟ್ಟು, ನೆಂಟರನ್ನು ಮುಟ್ಟಿ ನೋಡುವ ಹಾಗೆ ಸವರಿದರು.

ಡ್ರೈವರಣ್ಣ ಮತ್ತೆ ಬೆನ್ನು ಹಾಕಿ ಕೂತರು. “ಟೀ ಕುಡಿದೆಯಾ?”

ಠಣ್ ಠಣ್.

“ತಂಗಿ ಮಾಡಿದ್ದಾ?”

ಠಣ್.

“ಓಹೋ, ಈ ಹುಡುಗ ಮಾಡಿದ್ದು. ಚೆನ್ನಾಗಿತ್ತಾ?”

ಠಣ್. ಆಮೇಲೆ, ಯಾರೂ ಕೇಳದಿದ್ದರೂ, ಇನ್ನೂ ಜೋರಾಗಿ, ಠಣ್.

ಅಕ್ಕ ಸೌಟು ಹಿಡಿದುಕೊಂಡೇ ಬಾಗಿಲಲ್ಲಿ ನಿಂತಿದ್ದಳು. ಡ್ರೈವರಣ್ಣ ಕಿಟಕಿಯ ಕಡೆಗೇ ನೋಡುತ್ತ ಬಿಡಿಸಿ ಹೇಳಿದರು. “ಬಸ್ಸಿನ ತಗಡಿಗೆ ಒಂದು ಹೊಡೆದ್ರೆ ನಿಲ್ಸು. ಎರಡು ಹೊಡೆದ್ರೆ ಹೊರಡು. ಬಿಡದೆ ಹೊಡೀತಾ ಹೋದ್ರೆ ಹಿಂದಕ್ಕೆ ತಗೋ. ಬಸ್ಸಲ್ಲಿ ಎಂಬತ್ತು ಜನ ಕೂಗಾಡ್ತಿರ್ತಾರೆ, ಇವನ ರೈಟು ಯಾವನಿಗೆ ಕೇಳುತ್ತೆ? ನಾನು ಅದನ್ನ ನೆಚ್ಚಿಕೊಂಡಿದ್ರೆ ಎಂದೋ ಜೈಲಲ್ಲಿರ್ತಿದ್ದೆ. ಬಾಯಿ ಅವನ ಖುಷಿಗೆ, ಕೈ ನನಗೆ.”

ಸೌಟನ್ನು ಕಿಟಕಿಯ ಕಟ್ಟೆಯ ಮೇಲೆ ಇಟ್ಟು ಅಕ್ಕ ಮಂಚದ ಅಂಚಿನಲ್ಲಿ ಕೂತಳು. “ರೀ. ನಾನು ಹೇಳೋದೆಲ್ಲ ಗೊತ್ತಾಗ್ತಿತ್ತಾ ನಿಮಗೆ?”

ಠಣ್ ಠಣ್.

“ಮೊದಲಿನಿಂದಾನೂ?”

ಠಣ್ ಠಣ್.

“ಆಸ್ಪತ್ರೇಲಿ ನಾನು ನಿಮ್ಮಮ್ಮನ್ನ ಬೈದದ್ದೂ?”

ಭಾವ ಸ್ವಲ್ಪ ತಡೆದರು. ಠಣ್ ಠಣ್. “ರೈಟ್” ಎಂದರು, ಬಹಳ ಮೃದುವಾಗಿ. ಅಕ್ಕ ಸೆರಗಿನಿಂದ ಮುಖ ಮುಚ್ಚಿಕೊಂಡು ನಗುವುದಕ್ಕೂ ಅಳುವುದಕ್ಕೂ ಒಟ್ಟಿಗೆ ಶುರುಮಾಡಿದಳು.

ಡ್ರೈವರಣ್ಣ ಕಣ್ಣೊರೆಸಿಕೊಂಡದ್ದು ಯಾರಿಗೂ ಕಾಣಲಿಲ್ಲ, ಅವರ ಬೆನ್ನು ಮಾತ್ರ ಕಾಣುತ್ತಿತ್ತು. “ಬಲಗಡೆ ಎಲ್ಲ ಕೈಕೊಟ್ರೂ ರೈಟ್ ಮಾತ್ರ ಬಿಟ್ಟಿಲ್ಲ ನೋಡು ಇವನು” ಎಂದರು. ಆಮೇಲೆ ಮೇಜಿನ ಮೇಲಿದ್ದ ನೋಟ್‌ಬುಕ್ಕು ಅವರ ಕೈಗೆ ಸಿಕ್ಕಿತು. ಒಂದೊಂದೇ ಸಾಲನ್ನು ವಾರ್ತೆ ಓದುವವರ ಹಾಗೆ ಓದಿದರು. ಇಪ್ಪತ್ತಮೂರರಲ್ಲಿ ಐದಕ್ಕೆ ಎರಡು ಠಣ್ ಬಿತ್ತು, ಉಳಿದದ್ದಕ್ಕೆ ಒಂದೊಂದು. ‘ಕಂಬಿಗೆ ಬಟ್ಟೆ ಸುತ್ತಿದಾಗ: ಕೃತಜ್ಞತೆ’ ಎಂದು ಓದಿದಾಗ ಭಾವ ಕಂಬಿಯನ್ನು ಬಿಡದೆ ಬಡಿಯುತ್ತ, ಸೊಟ್ಟ ಬಾಯಿಯಲ್ಲಿ ನಗುತ್ತ, ಉಸಿರು ಸಿಕ್ಕಿಹಾಕಿಕೊಂಡು ಕೆಮ್ಮಿದರು. ಗುಮ್ಮಣ್ಣನೂ ನಕ್ಕ. ನಗುತ್ತಿದ್ದ ಹಾಗೇ ಅವನಿಗೆ ಕಾರಿಡಾರಿನ ಬೆಳಕು, ಡಾಕ್ಟರಮ್ಮನ ಪೆನ್ನು ನೆನಪಾಯಿತು. ಮೊದಲಿನಿಂದಾನೂ. ಹಾಗಾದರೆ ಆವತ್ತು ಅರೆ ತೆರೆದ ಬಾಗಿಲಿನ ಒಳಗಿದ್ದ ಭಾವನಿಗೆ ಆ ‘ಇಲ್ಲ ಅನ್ಸುತ್ತೆ’ ಕೇಳಿಸಿರಲೂಬಹುದು.

ಗುರುವಾರ ಹನ್ನೊಂದು ಗಂಟೆಗೆ ಅಧಿಕಾರಿ ಬಂದರು. ದಪ್ಪ ಕನ್ನಡಕದ ಸಾಹೇಬರು. ಫೈಲನ್ನು ಎದೆಗೆ ಒತ್ತಿಕೊಂಡು ಮೆಟ್ಟಿಲು ಹತ್ತಿದ ದಣಿವಿಗೆ ಒಂದು ಲೋಟ ನೀರು ಕೇಳಿ ಕುಡಿದರು. ಡ್ರೈವರಣ್ಣ ಡ್ಯೂಟಿ ಬದಲಾಯಿಸಿಕೊಂಡು ಬಂದಿದ್ದರು. ಅಕ್ಕ ಭಾವನಿಗೆ ಇಸ್ತ್ರಿ ಮಾಡಿದ ಅಂಗಿ ಹಾಕಿಸಿ, ದಿಂಬುಗಳ ಆಸರೆಯಲ್ಲಿ ನೆಟ್ಟಗೆ ಕೂರಿಸಿದ್ದಳು.

ಸಾಹೇಬರು ಫೈಲು ಬಿಚ್ಚಿದರು. “ನೋಡಮ್ಮ, ನನಗೂ ಬೇಜಾರೇ. ಆದ್ರೆ ಆಸ್ಪತ್ರೆಯವರು ಇಲ್ಲಿ ಬರೆದಿದಾರೆ. ಮನೆಯವರ ಪ್ರಕಾರ ರೋಗಿಗೆ ಮಾತು ಅರ್ಥವಾಗುವುದಿಲ್ಲ ಅಂತ.”

“ಯಾವ ಮನೆಯವರು?” ಎಂದಳು ಅಕ್ಕ. “ನಾನು ಹಾಗಂದಿಲ್ಲ.”

ಕೋಣೆಯಲ್ಲಿ ಫ್ಯಾನಿನ ಸದ್ದು ಮಾತ್ರ ಇತ್ತು. ಗುಮ್ಮಣ್ಣನಿಗೆ ಮೌನ ಎಂದರೆ ಇಷ್ಟ. ಆದರೆ ಆ ಮೌನ ಅವನನ್ನೇ ಕಾಯುತ್ತಿತ್ತು. ಅವನು ಬಾಯಿ ಬಿಡದಿದ್ದರೆ ಆಸ್ಪತ್ರೆಯವರ ತಪ್ಪು ಎಂದು ಹೋಗಿಬಿಡುತ್ತಿತ್ತು.

“ನಾನು ಅಂದದ್ದು” ಎಂದ. “ಅದು ತಪ್ಪು, ಸಾರ್. ನನಗೆ ಗೊತ್ತಾಗಲಿಲ್ಲ ಅನ್ನೋದನ್ನ ಅವರಿಗೆ ಗೊತ್ತಾಗಲ್ಲ ಅಂತ ಹೇಳಿಬಿಟ್ಟೆ.”

ಅಕ್ಕ ಅವನ ಕಡೆ ತಿರುಗಿದಳು. ಅವನು ಭಾವನ ಮುಖ ನೋಡಲಾಗದೆ ಅವರ ಇಸ್ತ್ರಿಯ ಅಂಗಿಯ ಗುಂಡಿಗಳನ್ನು ನೋಡುತ್ತಿದ್ದ.

ಠಣ್ ಠಣ್.

ಎಲ್ಲರೂ ಮಂಚದ ಕಡೆ ನೋಡಿದರು. ಸಾಹೇಬರು ಕನ್ನಡಕ ತೆಗೆದರು. “ಹೊರಡು ಅಂತಿದಾರಲ್ಲ” ಎಂದರು, ತಮಗೇ ಹೇಳಿಕೊಳ್ಳುವ ಹಾಗೆ. ಡ್ರೈವರಣ್ಣ ವಿವರಿಸಲು ಬಾಯಿ ತೆಗೆದರೆ ಸಾಹೇಬರು ಕೈ ಅಡ್ಡ ಹಿಡಿದರು. “ನೀವು ಹೇಳಿಕೊಡೋದೇನೂ ಬೇಡ. ನಾನೂ ಆರು ವರ್ಷ ಬ್ಯಾಗು ಹಾಕ್ಕೊಂಡು ಬಾಗಿಲಲ್ಲಿ ನಿಂತವನೇ. ಎಲ್ಲಾರೂ ಸುಮ್ನಿರಿ. ನಾನು ಕೇಳ್ತೀನಿ.”

ಕುರ್ಚಿಯನ್ನು ಹತ್ತಿರ ಎಳೆದುಕೊಂಡು ಭಾವನ ಕಣ್ಣನ್ನೇ ನೋಡುತ್ತ ಕೇಳಿದರು. “ಇವರು ನಿಮ್ಮ ಹೆಂಡ್ತಿನಾ?”

ಠಣ್ ಠಣ್.

“ನಾನು ನಿಮ್ಮ ಡಾಕ್ಟರಾ?”

ಠಣ್.

“ನಿಮ್ಮ ವಯಸ್ಸು ಇಪ್ಪತ್ತು. ಸರಿನಾ?”

ಭಾವ ಕಂಬಿಯ ಮೇಲೆ ಕೈ ಇಟ್ಟರು. ಅಕ್ಕನ ಕಡೆ ಓರೆಗಣ್ಣಿನಲ್ಲಿ ನೋಡಿದರು. ಠಣ್ ಠಣ್.

ಸಾಹೇಬರ ಮುಖ ಇಳಿಯಿತು. ಪೆನ್ನು ಕಾಗದಕ್ಕೆ ತಾಗಿತು. ಆಗ ಭಾವ ಸೊಟ್ಟಗೆ ನಗುತ್ತ ಕಂಬಿಯನ್ನು ಬಿಡದೆ ಬಡಿದರು, ಠಣ ಠಣ ಠಣ ಠಣ, ಗೋಡೆಗೆ ತಾಗುವ ಬಸ್ಸನ್ನು ಹಿಂದಕ್ಕೆ ಕರೆಯುವ ಹಾಗೆ. ಆಮೇಲೆ ಕೈ ನಿಲ್ಲಿಸಿ, ಗಟ್ಟಿಯಾಗಿ ಒಂದೇ ಏಟು. ಠಣ್.

“ರೀ, ತಮಾಷೆ ಮಾಡೋ ಹೊತ್ತಾ ಇದು?” ಎಂದು ಅಕ್ಕ ಗದರಿದಳು. “ಜೀವ ಬಾಯಿಗೆ ಬಂತು ನನಗೆ.”

ಸಾಹೇಬರು ಬರೆಯುವುದನ್ನು ನಿಲ್ಲಿಸಿ ನಕ್ಕರು. ಅವರ ನಗೆ ನಿಧಾನವಾಗಿ ಹೊಟ್ಟೆಯಿಂದ ಎದ್ದು ಬಂತು. “ಅರ್ಥವಾಗದವನು ಪರೀಕ್ಷೆಗೆ ಬಂದವನನ್ನ ಗೋಳುಹೊಯ್ಕೊಳ್ಳಲ್ಲಮ್ಮ” ಎಂದರು. ಆಮೇಲೆ ಗಂಭೀರವಾದರು. “ಕೇಳಿ. ಕಳೆದ ವಸ್ತುಗಳ ಕೋಣೆ. ಬೆಳಿಗ್ಗೆ ಒಂಬತ್ತರಿಂದ ಎರಡು. ಬರೀ ಕೊಡೆ, ಚೀಲ. ಬರ್ತೀರಾ?”

ಭಾವ ಕೂಡಲೇ ಬಡಿಯಲಿಲ್ಲ. ಅಕ್ಕನನ್ನು ನೋಡಿದರು, ಡ್ರೈವರಣ್ಣನ ಕಡೆ ನೋಡಿದರು. ಮುಖಾಮುಖಿ ನೋಡಿದ್ದು ಅದೇ ಮೊದಲಿರಬೇಕು. ಕೊನೆಗೆ ಗುಮ್ಮಣ್ಣನನ್ನು, ಅವನು ಕಣ್ಣೆತ್ತುವ ತನಕ ಕಾದು, ನೋಡಿದರು. ಆ ನೋಟದಲ್ಲಿ ಆಕ್ಷೇಪಣೆ ಇರಲಿಲ್ಲ. ಠಣ್ ಠಣ್. “ರೈಟ್” ಎಂದರು. ಹಿಂದಿನ ಬಾಗಿಲಲ್ಲಿ ನಿಂತು, ಇನ್ನು ಯಾರೂ ಹತ್ತುವವರಿಲ್ಲ, ನಡಿ ಎನ್ನುವ ದನಿಯಲ್ಲಿ.

ಸಾಹೇಬರು ಆಸ್ಪತ್ರೆಯ ಹಾಳೆಯ ಮೇಲೆ ಆ ಒಂದು ಸಾಲನ್ನು ತೋರಿಸಿ ಗುಮ್ಮಣ್ಣನಿಗೆ ಪೆನ್ನು ಕೊಟ್ಟರು. “ನಿಮ್ಮ ಹೇಳಿಕೆ ವಾಪಸ್ ತಗೊಂಡೆ ಅಂತ ಪಕ್ಕದಲ್ಲಿ ಬರೆದು ಸಹಿ ಹಾಕಿ. ಸಾಲು ಹೊಡೀಬೇಡಿ, ಅದು ಹಾಗೇ ಇರಲಿ.” ಅವನು ಬರೆದ. ಮುದ್ರಣಾಲಯದ ಮೇಜಿನಲ್ಲಿ ಸಾವಿರಾರು ಪುಟ ತಿದ್ದಿದವನು ಆ ಒಂದೂವರೆ ಸಾಲನ್ನು ಎರಡು ಸಲ ಓದಿ ಸಹಿ ಹಾಕಿದ.

ಎಲ್ಲರೂ ಹೋದ ಮೇಲೆ ಅಕ್ಕ ಅವನ ತಲೆಗೆ ಒಂದು ಮೊಟಕು ಕೊಟ್ಟಳು. “ಅವತ್ತೇ ನನ್ನ ಕೇಳೋಕೆ ಏನಾಗಿತ್ತು ನಿನಗೆ? ಗುಮ್ಮ.” ಅಷ್ಟೇ. ಆ ವಿಷಯ ಆಮೇಲೆ ಎತ್ತಲಿಲ್ಲ. ಊಟಕ್ಕೆ ಬಡಿಸುವಾಗ ಅವನಿಗೆ ಎರಡು ಸಲ ಬಡಿಸಿದಳು.

ಕೋಲು ಊರಿ ಮೆಟ್ಟಿಲಿಳಿಯುವಷ್ಟು ಚೇತರಿಸಿಕೊಂಡ ಭಾವ ಕೆಲಸಕ್ಕೆ ಹೋಗತೊಡಗಿ ಒಂದು ತಿಂಗಳಾಗಿತ್ತು. ಬೆಳಿಗ್ಗೆ ಡ್ರೈವರಣ್ಣನ ಬಸ್ಸಿನಲ್ಲಿ ಹೋಗಿ, ಅದೇ ಬಸ್ಸಿನಲ್ಲಿ ವಾಪಸು. ಕೋಣೆಯಲ್ಲಿ ತಗಡಿನ ಒಂದು ಮೇಜು. ತಮ್ಮ ಕೊಡೆ ಹುಡುಕಿಕೊಂಡು ಬಂದವರು ಕಪ್ಪು ಬಣ್ಣ, ಮರದ ಹಿಡಿ ಎಂದು ಹೇಳುತ್ತ ಹೋದರೆ ಭಾವ ಕೋಲು ಚಾಚಿ ಕಪಾಟಿನ ಕೊಡೆಗಳನ್ನು ಒಂದೊಂದಾಗಿ ತೋರಿಸುತ್ತ, ತಗಡು ಬಡಿಯುತ್ತ, ಅವರ ಮನೆ ಎಲ್ಲಿ, ಮಗಳು ಯಾವ ಕ್ಲಾಸು ಎಂಬುದನ್ನೂ ರೈಟ್‌ನಲ್ಲೇ ಕೇಳಿ ತಿಳಿದುಕೊಳ್ಳುತ್ತಿದ್ದರಂತೆ. ಹೇಗೆ ಎಂದು ಡ್ರೈವರಣ್ಣನಿಗೂ ಗೊತ್ತಿಲ್ಲ. ಕೊಡೆ ತೆಗೆದುಕೊಂಡು ಹೋದ ಹೆಂಗಸೊಬ್ಬಳು ಮಾರನೆಯ ದಿನ ಬರಿಗೈಯಲ್ಲಿ ಬಂದು, ಮಗಳು ಪಾಸಾದಳು ಎಂದು ಹೇಳಿ ಹೋದಳಂತೆ.

ಒಂದು ಮಧ್ಯಾಹ್ನ ಭಾವ ಬಂದಾಗ ಗುಮ್ಮಣ್ಣ ಮನೆಯಲ್ಲಿದ್ದ. ಮುದ್ರಣಾಲಯದಲ್ಲಿ ಯಂತ್ರ ಕೆಟ್ಟು, ಕರಡುಗಳನ್ನು ಮನೆಗೆ ತಂದು ನೆಲದ ಮೇಲೆ ಹರಡಿಕೊಂಡಿದ್ದ. ಭಾವನಿಗೆ ಅವತ್ತು ಹೇಳಲು ಬಹಳ ಇತ್ತು. ಚಪ್ಪಲಿ ಬಿಡುವ ಮೊದಲೇ ರೈಟ್ ಶುರುವಾಯಿತು. ಏರಿತು, ಇಳಿಯಿತು, ಯಾರನ್ನೋ ಅಣಕಿಸಿತು, ತಾನೇ ನಕ್ಕಿತು.

“ರೀ, ಮೆತ್ತಗೆ. ಅವನು ಕೆಲಸ ಮಾಡ್ತಿದಾನೆ” ಎಂದಳು ಅಕ್ಕ ಒಳಗಿನಿಂದ.

ಭಾವ ಥಟ್ಟನೆ ನಿಂತರು. ಎಡಗೈಯ ಬೆರಳನ್ನು ತುಟಿಗೆ ಒತ್ತಿಕೊಂಡು ತಲೆ ಆಡಿಸಿ, ಕೋಲು ಊರಿಕೊಂಡು, ಕಾಲೆಳೆಯುತ್ತ ಹೊರಗೆ ಹೋದರು. ಮೆಟ್ಟಿಲ ಮೇಲೆ ಕೂತ ಸದ್ದಾಯಿತು. ಅಕ್ಕ ಅಡುಗೆ ಕೋಣೆಯ ಬಾಗಿಲಿಗೆ ಬಂದಳು.

“ಬುದ್ಧಿ ಹಾಗೇ ಉಳಿದಿದೆ ನೋಡು” ಎಂದಳು. “ನೀನು ಹತ್ತು ವರ್ಷದವನು ಬಂದಾಗ ನಮಗಿದ್ದದ್ದು ಒಂದೇ ಕೋಣೆ. ಡ್ಯೂಟಿ ಮುಗಿಸಿ ಬರೋರು, ನಿನ್ನ ಕೈಯಲ್ಲಿ ಪುಸ್ತಕ ಕಂಡ್ರೆ ಹೀಗೇ ಬಾಯಿಗೆ ಬೆರಳಿಟ್ಕೊಂಡು ಮೆಟ್ಟಿಲಿಗೆ ಹೋಗೋರು. ಚಳಿಯಾಗ್ಲಿ ಏನಾಗ್ಲಿ. ಮಾತಾಡದಿದ್ರೆ ಊಟ ಇಳಿಯದ ಮನುಷ್ಯ. ಎಂಟು ವರ್ಷ ಕಣೋ. ಆ ಮೆಟ್ಟಿಲಲ್ಲಿ ಕೂತು ಹೋಗೋ ಬರೋವ್ರ ಹತ್ರ ಪಿಸುಗುಟ್ತಿದ್ರು.”

ಗುಮ್ಮಣ್ಣನಿಗೆ ಅದು ಗೊತ್ತಿತ್ತು. ಮುಚ್ಚಿದ ಬಾಗಿಲಿನಾಚೆಯ ಆ ಪಿಸುಮಾತನ್ನು ಕೇಳಿಸಿಕೊಳ್ಳಲು ಅವನು ಪುಟ ಮಗುಚುವುದನ್ನೇ ನಿಲ್ಲಿಸುತ್ತಿದ್ದ. ತಾಯಿಯಿಲ್ಲದ ಹುಡುಗನಿಗೆ ಆ ದನಿ ಮನೆ ಇನ್ನೂ ಎದ್ದಿದೆ ಎಂಬ ಧೈರ್ಯವಾಗಿತ್ತು.

ಅವನು ಕರಡುಗಳನ್ನು ಒಟ್ಟುಮಾಡಿಕೊಂಡು ಹೊರಗೆ ಹೋಗಿ, ಮೆಟ್ಟಿಲ ಮೇಲೆ ಭಾವನ ಪಕ್ಕದಲ್ಲಿ ಕೂತ. ಭಾವ ಜರುಗಿ ಜಾಗ ಕೊಟ್ಟರು. ಕಾಗದಗಳನ್ನು ನೋಡಿ ಮತ್ತೆ ಬೆರಳನ್ನು ತುಟಿಗೆ ಒಯ್ದರು.

“ಹೇಳಿ ಭಾವ” ಎಂದ ಗುಮ್ಮಣ್ಣ. “ಆಮೇಲೇನಾಯ್ತು?”

ಭಾವ ಅವನ ಮುಖವನ್ನೇ ನೋಡಿದರು. ಆಮೇಲೆ ಎಡಗೈಯನ್ನು ಮೇಲೆತ್ತಿ, ಯಾವುದೋ ದೊಡ್ಡ ಚೀಲವೊಂದರ ಅಳತೆ ತೋರಿಸುತ್ತ, ಮೊದಲಿನಿಂದ ಶುರುಮಾಡಿದರು. ಗುಮ್ಮಣ್ಣ ಕೇಳಿದ, ನಡುನಡುವೆ ಒಂದೊಂದು ಕಾಗುಣಿತ ತಿದ್ದಿದ, ಮತ್ತೆ ಕೇಳಿದ. ಮಹಡಿ ಹತ್ತಿ ಬಂದ ನೆರೆಮನೆಯವರು ದಾರಿ ಮಾಡಿಸಿಕೊಂಡು ನಕ್ಕು ಹೋದರು. ಇಳಿಬಿಸಿಲು ಮೆಟ್ಟಿಲಿಂದ ಮೆಟ್ಟಿಲಿಗೆ ಇಳಿಯುತ್ತಿತ್ತು.

ಭಾವ ಆ ಎಂಟು ವರ್ಷ ಒಳಗೇ ಕೂತು ಮಾತಾಡಿದ್ದರೂ ತನ್ನ ಓದಿಗೆ ಏನೂ ಅಡ್ಡಿಯಾಗುತ್ತಿರಲಿಲ್ಲ ಎಂದು ಅವನು ಅವರಿಗೆ ಎಂದೂ ಹೇಳಲಿಲ್ಲ.